ಆಸ್ಪತ್ರೆಯ ಅಜ್ಜನೇ ಯಾಕೆ ನೆನಪಾಗುತ್ತಾನೆ?

ಪ್ರಶ್ನೆ: ನನಗೆ 34 ವರ್ಷ. ಊರು ಸಿದ್ದಾಪುರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಾನು ಬೆಳೆದದ್ದು ಅಮ್ಮನ ತವರಿನಲ್ಲಿ, ಅಜ್ಜನ ಜೊತೆ. ಅಜ್ಜ ಹಗಲು ಅಡಿಕೆ ತೋಟ ನೋಡುತ್ತಿದ್ದ, ರಾತ್ರಿ ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಆಡುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದ. ಕಳೆದ ಆಷಾಢದಲ್ಲಿ, 86ನೇ ವಯಸ್ಸಿಗೆ ತೀರಿಕೊಂಡ. ಈಗ ಎಂಟು ತಿಂಗಳಾಯಿತು. ನ್ಯುಮೋನಿಯಾ ಆಗಿ ಕೊನೆಯ ಎರಡು ವಾರ ಐಸಿಯುನಲ್ಲಿದ್ದ. ಕೊಳವೆ ಕಿತ್ತುಕೊಳ್ಳುತ್ತಾನೆ ಅಂತ ಕೈ ಕಟ್ಟಿದ್ದರು. ನಾನು ಒಳಗೆ ಹೋದಾಗ, ‘ಯಾರು ನೀನು? ನನ್ನನ್ನು ಇಲ್ಲಿಂದ ಬಿಡಿಸು’ ಎಂದು ಕೂಗಿದ. ನಾನು ಕೇಳಿದ ಕೊನೆಯ ಮಾತು ಅದೇ. ಈಗ ಅಜ್ಜನನ್ನು ನೆನೆಸಿಕೊಂಡರೆ ಆ ಮುಖವೇ ಬರುತ್ತದೆ. ಜಗುಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತಿದ್ದ ಅಜ್ಜ ಬರುವುದೇ ಇಲ್ಲ. ದನಿಯೂ ಮರೆಯುತ್ತಿದೆ. ಅವನ ಮೊಬೈಲಿಗೆ ಮಾವ ಇನ್ನೂ ರೀಚಾರ್ಜ್ ಮಾಡಿಸುತ್ತಾನೆ, ಒಮ್ಮೊಮ್ಮೆ ಸುಮ್ನೆ ರಿಂಗ್ ಮಾಡುತ್ತೇನೆ. ಎಲ್ಲರೂ ‘ತುಂಬು ಜೀವನ, ಅಳುವುದೇನಿದೆ’ ಅನ್ನುತ್ತಾರೆ. ನಾನು ಮಗಳ ಮಗ, ಕರ್ಮಾಂಗದಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಅಜ್ಜನ ವಿಷಯ ಎತ್ತಿದರೆ ಅಮ್ಮ ಎದ್ದು ಹೋಗುತ್ತಾಳೆ. ದೀಪಾವಳಿಗೆ ಮಾವನ ಮಗ ಎಐನಲ್ಲಿ ಅಜ್ಜನ ದನಿ ಮಾಡಿ ಅಜ್ಜಿಗೆ ಶುಭಾಶಯ ಹೇಳಿಸಿದ. ಅಜ್ಜಿ ಮಾತಾಡದೆ ಕೊಟ್ಟಿಗೆಗೆ ಹೋದಳು. ಐದು ವರ್ಷದ ಮಗಳಿಗೆ ‘ಮುತ್ತಜ್ಜ ದೂರದ ಊರಿಗೆ ಹೋಗಿದ್ದಾನೆ’ ಎಂದಿದ್ದೇವೆ. ದುಃಖಕ್ಕೆ ಐದು ಹಂತ ಅಂತ ಎಲ್ಲೋ ಓದಿದೆ, ನನಗೆ ಸಿಟ್ಟಿನ ಹಂತ ಬರಲೇ ಇಲ್ಲ. ನನ್ನಲ್ಲಿ ಏನಾದರೂ ಸರಿ ಇಲ್ಲವೇ? ಅಜ್ಜನನ್ನು ಸರಿಯಾಗಿ ನೆನಪಿಟ್ಟುಕೊಳ್ಳುವುದು ಹೇಗೆ?

ಉತ್ತರ: ಪ್ರಶ್ನೆಗಳು ಬಹಳ ಇವೆ, ಆದರೆ ಅಡಿಯಲ್ಲಿರುವ ಹೆದರಿಕೆ ಒಂದೇ ಅನ್ನಿಸುತ್ತದೆ. ನಿಮ್ಮನ್ನು ಬೆಳೆಸಿದ ಅಜ್ಜ ಅಳಿಸಿಹೋಗಿ, ಅವರ ಜಾಗದಲ್ಲಿ ಆಸ್ಪತ್ರೆಯ ಒಬ್ಬ ರೋಗಿ ಉಳಿದುಬಿಡುತ್ತಾನೆ ಅನ್ನುವ ಹೆದರಿಕೆ. ಸಾವು ಕಂಡ ಮನೆಯವರ ಜೊತೆ ಮಾತಾಡುವುದೇ ನನ್ನ ಕೆಲಸ. ಐಸಿಯು ಬಾಗಿಲಲ್ಲಿ ಕಾದು ಬಂದವರಲ್ಲಿ ಈ ಮಾತು ಹೇಳದವರು ಕಡಿಮೆ. ಅಜ್ಜ ಅಳಿಸಿಹೋಗಿಲ್ಲ. ಯಾಕೆ ಸಿಗುತ್ತಿಲ್ಲ ಅನ್ನುವುದಕ್ಕೆ ಕಾರಣಗಳಿವೆ.

ಮೊದಲು ಆ ಕೊನೆಯ ಮಾತಿನ ವಿಷಯ. ಅಜ್ಜನಿಗೆ ಆಗಿದ್ದನ್ನು ವೈದ್ಯರು ಡೆಲಿರಿಯಂ ಅನ್ನುತ್ತಾರೆ, ನಮ್ಮ ಹಿರಿಯರು ಸನ್ನಿ ಅನ್ನುತ್ತಿದ್ದರು. ಶ್ವಾಸಕೋಶದ ಸೋಂಕು, ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದು, ಮಂಪರು ಬರಿಸುವ ಔಷಧ, ಸತತ ನಿದ್ದೆಗೇಡು, ಹಗಲು ರಾತ್ರಿ ಗೊತ್ತಾಗದ ಟ್ಯೂಬ್‌ಲೈಟ್ ಬೆಳಕು, ಕಣ್ಣಿಗೆ ಕನ್ನಡಕವಿಲ್ಲ, ಸುತ್ತ ಗುರುತಿನ ಮುಖವಿಲ್ಲ. ಇಷ್ಟೂ ಸೇರಿದರೆ 86 ವರ್ಷದ ಮೆದುಳು ದಿಕ್ಕು ತಪ್ಪುತ್ತದೆ. ವೆಂಟಿಲೇಟರ್ ಹಾಕಿದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಆಗುತ್ತದೆ. ಹೆಂಡತಿಯನ್ನು ಗುರುತಿಸುವುದಿಲ್ಲ. ನರ್ಸ್ ತನ್ನನ್ನು ಕೊಲ್ಲಲು ಬಂದಿದ್ದಾಳೆ ಅನ್ನುತ್ತಾರೆ. ಮನೆಗೆ ಬಿಡಿ ಅಂತ ಕೂಗುತ್ತಾರೆ. ಗುಣವಾಗಿ ಹೊರಗೆ ಬಂದವರಲ್ಲಿ ಹಲವರಿಗೆ ತಾವು ಹೀಗೆಲ್ಲ ಹೇಳಿದ್ದು ನೆನಪೇ ಇರುವುದಿಲ್ಲ.

‘ಒಳಗೊಳಗೆ ಅಜ್ಜನಿಗೆ ನಿಮ್ಮ ಗುರುತು ಇದ್ದೇ ಇತ್ತು’ ಅಂತ ನಾನು ಸಮಾಧಾನ ಹೇಳುವುದಿಲ್ಲ. ಆ ಹೊತ್ತಿಗೆ ಗುರುತು ಹತ್ತಿರಲಿಕ್ಕಿಲ್ಲ. ಆದರೆ ಅದು ನಿಮ್ಮ ಬಗ್ಗೆ ಅವರು ಹೇಳಿದ ಮಾತಲ್ಲ, ಕಾಯಿಲೆಯ ಒಂದು ಲಕ್ಷಣ. ಕೆಮ್ಮು, ಜ್ವರ ಇದ್ದ ಹಾಗೆಯೇ ಅದೂ ಇತ್ತು. ಕೊನೆಯ ಮಾತಿಗೆ ನಾವು ಜಾಸ್ತಿ ಬೆಲೆ ಕೊಡುತ್ತೇವೆ, ಕಥೆಗಳಲ್ಲಿ ಸಾಯುವವರು ಕೈ ಹಿಡಿದು ಎಲ್ಲ ಹೇಳಿಯೇ ಹೋಗುತ್ತಾರಲ್ಲ! ಆಸ್ಪತ್ರೆಗಳಲ್ಲಿ ಅದು ಅಪರೂಪ.

ಕೈ ಕಟ್ಟಿದ್ದು ಇನ್ನೂ ಚುಚ್ಚುತ್ತಿದ್ದರೆ ಒಂದು ದಾರಿ ಇದೆ. ಅಂದು ನೋಡಿಕೊಂಡ ವೈದ್ಯರಲ್ಲಿ ಸಮಯ ಕೇಳಿ, ಏನಾಯಿತು, ಯಾಕೆ ಹಾಗೆ ಮಾಡಿದರು ಎಂದು ಮನೆಯವರು ಕೂತು ಕೇಳಬಹುದು. ಎಷ್ಟೋ ಜನರಿಗೆ ಇದರಿಂದ ಮನಸ್ಸು ಹಗುರಾಗುತ್ತದೆ. ಅಪಾಯವೂ ಇದೆ. ಹೊಸದಾಗಿ ನೋವಾಗುವ ವಿವರ ಸಿಗಬಹುದು, ವೈದ್ಯರು ಮುಖ ಕೊಟ್ಟು ಮಾತಾಡದೆಯೂ ಇರಬಹುದು. ಒಬ್ಬರೇ ಹೋಗಬೇಡಿ.

ಈಗ ಆ ಮುಖವೇ ಯಾಕೆ ಮೊದಲು ಬರುತ್ತದೆ ಅನ್ನುವುದು. ಭಯ, ಗಾಬರಿ ಇದ್ದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಆ ಹೊತ್ತಿನಲ್ಲಿ ಕಂಡದ್ದನ್ನು ಮೆದುಳು ಗಟ್ಟಿಯಾಗಿ ಒತ್ತಿಟ್ಟುಕೊಳ್ಳುತ್ತದೆ. ಜಗುಲಿಯ ಅಜ್ಜನ ವಿಷಯ ಹಾಗಲ್ಲ. ಕವಳದ ಸಂಚಿ ಬಿಚ್ಚುವುದು, ಎಲೆಯ ನಾರು ತೆಗೆಯುವುದು, ಸುಣ್ಣ ಹಚ್ಚುವುದು, ಇದನ್ನು ನೀವು ಸಾವಿರಾರು ಸಲ ನೋಡಿದ್ದೀರಿ. ಒಂದೊಂದು ಸಲವೂ ಇನ್ನೊಂದರಂತೆಯೇ ಇತ್ತು. ದಿನವೂ ಒಂದೇ ಥರ ನಡೆಯುವುದನ್ನು ಮೆದುಳು ಬೇರೆ ಬೇರೆ ದಿನಗಳಾಗಿ ಇಟ್ಟುಕೊಳ್ಳುವುದಿಲ್ಲ, ಒಟ್ಟು ಸೇರಿಸಿಬಿಡುತ್ತದೆ. ಹಾಗಾಗಿ ಪ್ರೀತಿಯ ಇಪ್ಪತ್ತು ವರ್ಷಕ್ಕೆ ಸ್ಪಷ್ಟವಾದ ಒಂದು ಚಿತ್ರವಿಲ್ಲ, ಭಯದ ಎರಡು ವಾರಕ್ಕೆ ಹತ್ತಾರು ಚಿತ್ರಗಳಿವೆ. ಇದರಿಂದ ನಿಮ್ಮ ಪ್ರೀತಿ ಕಡಿಮೆ ಅಂತಾಗುವುದಿಲ್ಲ.

ಆ ಚಿತ್ರವನ್ನು ಒತ್ತಾಯದಿಂದ ದೂಡಲು ಹೋಗಬೇಡಿ. ಔಷಧ ಕುಡಿಯುವಾಗ ಮಂಗನ ನೆನಪು ಮಾಡಿಕೊಳ್ಳಬೇಡ ಅಂದ ಕಥೆಯಂತೆ ಆಗುತ್ತದೆ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಅವರು ಹೇಳಿದ್ದು ಮಂಗನ ಬದಲು ಬಿಳಿ ಕರಡಿ, ಅಷ್ಟೇ ವ್ಯತ್ಯಾಸ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದವರಿಗೆ ಅದು ಬಿಡದೆ ಬಂತು. ಆಮೇಲೆ ಯೋಚಿಸಬಹುದು ಎಂದಾಗ ಇನ್ನೂ ಜಾಸ್ತಿ ಬಂತು.

ನಾನು ಹೇಳುವುದು ಇದಕ್ಕೆ ತಿರುಗುಮುರುಗು. ಆಸ್ಪತ್ರೆಗೆ ಸೇರಿಸಿದ ದಿನದಿಂದ ಮಣ್ಣು ಮುಗಿಸಿ ಮನೆಗೆ ಬಂದವರೆಗೆ ನಡೆದದ್ದನ್ನು ಸಾಲಾಗಿ ಬರೆಯಿರಿ. ಆಂಬುಲೆನ್ಸ್, ಬಿಲ್ ಕೌಂಟರ್, ಕ್ಯಾಂಟೀನಿನ ಚಹಾ, ಕೈ ಕಟ್ಟಿದ ಬಟ್ಟೆ, ಎಲ್ಲ. ಒಂದೇ ಸಲ ಆಗದಿದ್ದರೆ ಎರಡು ಮೂರು ದಿನ ಕೂತು ಬರೆಯಿರಿ. ಚೂರು ಚೂರಾಗಿ ತೇಲಿ ಬರುವ ಚಿತ್ರಗಳಿಗೆ ಮೊದಲು, ಕೊನೆ ಅಂತ ಸಿಕ್ಕಿದರೆ ಅವುಗಳ ಕಾಟ ಇಳಿಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಬರೆದ ರಾತ್ರಿ ನಿದ್ದೆ ಕೆಡಬಹುದು, ಅದಕ್ಕೆ ತಯಾರಿರಿ. ಬರೆಯಲು ಕೂತರೆ ಎದೆ ಹೊಡೆದುಕೊಂಡು, ಬೆವತು, ಮತ್ತೆ ಅದೇ ಕೋಣೆಯಲ್ಲಿ ಇದ್ದ ಹಾಗೆ ಆಗುತ್ತಿದ್ದರೆ ನಿಲ್ಲಿಸಿ. ಅದನ್ನು ತಜ್ಞರ ಎದುರು ಮಾಡಬೇಕು, ಒಬ್ಬರೇ ಅಲ್ಲ.

ಜಗುಲಿಯ ಅಜ್ಜನನ್ನು ಕರೆಯಲು ಕಣ್ಣು ಮುಚ್ಚಿ ಕೂತರೆ ಸಾಲದು. ಇಂಥ ನೆನಪು ತಾನಾಗಿ ಬರುವುದಿಲ್ಲ, ಏನಾದರೊಂದು ಎಳೆ ಬೇಕು. ವಾಸನೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಮೂಗಿನಿಂದ ಹೊರಟ ಸಂದೇಶ ಮೆದುಳಿನಲ್ಲಿ ಭಾವನೆ, ನೆನಪುಗಳ ಜಾಗಕ್ಕೆ ಬೇರೆ ಇಂದ್ರಿಯಗಳಿಗಿಂತ ನೇರವಾಗಿ ಹೋಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಚೊಗರಿನ ವಾಸನೆ ಸಾಕು, ಆಲ್ಬಮ್ ಬೇಡ. ಆಮೇಲೆ ಕೈಕೆಲಸ. ಮುಂದಿನ ಕೊಯ್ಲಿಗೆ ರಜೆ ಹಾಕಿ ಊರಿಗೆ ಹೋಗಿ, ಅಜ್ಜ ಕೂರುತ್ತಿದ್ದಲ್ಲಿ ಕೂತು ಮೆಟಗತ್ತಿಯಲ್ಲಿ ಅಡಿಕೆ ಸುಲಿಯಿರಿ. ಪಕ್ಕದಲ್ಲಿ ಕೂತವರು ಸುಲಿಯುತ್ತ ಮಾತಾಡುತ್ತಾರೆ. ಅವರ ಬಾಯಲ್ಲಿ ನಿಮಗೆ ಗೊತ್ತೇ ಇಲ್ಲದ ಅಜ್ಜ ಬರುತ್ತಾರೆ. ನೆನಪು ಒಬ್ಬನ ತಲೆಯಲ್ಲಿ ಇರುವುದಕ್ಕಿಂತ ನಾಲ್ಕು ಜನರ ಮಾತಿನಲ್ಲಿ ಗಟ್ಟಿ ಇರುತ್ತದೆ. ನೀವು ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಬ್ಬರೇ ಅದನ್ನು ಹಿಡಿದಿಟ್ಟುಕೊಳ್ಳಲು ಹೆಣಗುತ್ತಿದ್ದೀರಿ. ಸುಸ್ತಾಗದೆ ಇನ್ನೇನು?

ದನಿಯ ವಿಷಯ ಸುಲಭ, ಆದರೆ ತಡ ಮಾಡಬೇಡಿ. ತಾಳಮದ್ದಲೆ ಅರ್ಥಧಾರಿ ಅಂದರೆ ಯಾರಾದರೂ ರೆಕಾರ್ಡ್ ಮಾಡಿಯೇ ಇರುತ್ತಾರೆ. ಭಾಗವತರ ಮನೆ, ದೇವಸ್ಥಾನದ ಕಮಿಟಿಯವರು, ಜೊತೆಗೆ ಅರ್ಥ ಹೇಳಿದವರ ಮಕ್ಕಳು, ಇವರನ್ನೆಲ್ಲ ಕೇಳಿ. ಕ್ಯಾಸೆಟ್ ಸಿಕ್ಕಿದರೆ ಹಾಕಿ ನೋಡುವ ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ, ಆಗ ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಮಲೆನಾಡಿನ ಮನೆಯಲ್ಲಿ ಟೇಪಿಗೆ ಬೂಸಲು ಹಿಡಿದಿರಬಹುದು. ಹಾಗಿದ್ದರೆ ಮನೆಯ ಪ್ಲೇಯರಿಗೆ ಹಾಕದೆ, ಟೇಪನ್ನು ಡಿಜಿಟಲ್ ಮಾಡುವವರ ಕೈಗೆ ಕೊಡಿ. ಅಜ್ಜನ ಕೈಬರಹದ ಪುಸ್ತಕ, ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕಾಗದವೂ ಶಾಯಿಯೂ ಹಾಳು, ಮತ್ತೆ ಬಿಡಿಸಲಿಕ್ಕೂ ಆಗುವುದಿಲ್ಲ. ಸ್ಕ್ಯಾನ್ ಮಾಡಿ, ಒಣಗಿದ ಜಾಗದಲ್ಲಿ ಇಡಿ. ವಾಟ್ಸಾಪಿನ ವಾಯ್ಸ್ ಮೆಸೇಜುಗಳನ್ನು ಫೋನಿನಿಂದ ಹೊರಗೆ ಎರಡು ಕಡೆ ಉಳಿಸಿ.

ಇನ್ನು ಆ ಮೊಬೈಲ್ ನಂಬರು. ರಿಂಗ್ ಮಾಡುವುದು ಹುಚ್ಚಲ್ಲ, ಬಹಳ ಜನ ಮಾಡುತ್ತಾರೆ. ಆದರೆ ಒಂದು ಗೊತ್ತಿರಲಿ. ರೀಚಾರ್ಜ್ ನಿಂತು ನಂಬರು ರದ್ದಾದರೆ, 90 ದಿನ ಕಳೆದ ಮೇಲೆ ಕಂಪನಿ ಅದನ್ನು ಬೇರೆಯವರಿಗೆ ಕೊಡಬಹುದು. ಒಂದು ದಿನ ನೀವು ರಿಂಗ್ ಮಾಡಿದಾಗ ಯಾರೋ ಅಪರಿಚಿತರು ‘ಹಲೋ, ಯಾರು?’ ಅನ್ನುತ್ತಾರೆ. ಆ ‘ಯಾರು’ ನಿಮಗೆ ಬಹಳ ನೋವು ಕೊಡುತ್ತದೆ ಅಂತ ನನಗನ್ನಿಸುತ್ತದೆ. ನಂಬರು ಇಟ್ಟುಕೊಳ್ಳುವುದೋ ಬಿಡುವುದೋ ಮಾವನ ಜೊತೆ ಕೂತು ನಿರ್ಧಾರ ಮಾಡಿ. ಬಿಡುವುದಾದರೆ ಮೊದಲು ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ, ಗ್ಯಾಸ್ ಬುಕಿಂಗ್ ಎಲ್ಲ ಬದಲಿಸಿ, ಫೋನಿನಲ್ಲಿರುವುದನ್ನು ಉಳಿಸಿ, ಆಮೇಲೆ ತಿಳಿದೇ ನಿಲ್ಲಿಸಿ.

ಎಐ ದನಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಬೇಡ. ನಿಮ್ಮ ಮಾವನ ಮಗ ಪ್ರೀತಿಯಿಂದಲೇ ಮಾಡಿದ್ದಾನೆ, ಅವನನ್ನು ಬೈಯಬೇಡಿ. ಆದರೆ ಅಜ್ಜ ಹೇಳದ ಮಾತನ್ನು ಅಜ್ಜನ ದನಿಯಲ್ಲಿ ಕೇಳುತ್ತಾ ಹೋದರೆ, ನಾಲ್ಕು ವರ್ಷ ಕಳೆದ ಮೇಲೆ ಯಾವುದು ಅವರು ನಿಜವಾಗಿ ಹೇಳಿದ್ದು, ಯಾವುದು ಯಂತ್ರ ಹೇಳಿದ್ದು ಅನ್ನುವುದು ಕಲಸಿಹೋಗುತ್ತದೆ. ಮಾತು ಉಳಿದರೂ ಅದನ್ನು ಎಲ್ಲಿ ಕೇಳಿದೆವು ಅನ್ನುವುದನ್ನು ನಮ್ಮ ಮೆದುಳು ಬೇಗ ಮರೆಯುತ್ತದೆ. ಮರೆಯುವ ಭಯದಲ್ಲಿರುವ ನಿಮಗೆ ಇದು ಒಳ್ಳೆಯ ಮದ್ದಲ್ಲ. ಅಜ್ಜನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಕದ್ದ ದನಿಯಲ್ಲಿ ಫೋನ್ ಮಾಡಿ ಹಣ ಕೀಳುವ ಮೋಸಗಳೂ ನಡೆಯುತ್ತಿವೆ, ಹಾಗಾಗಿ ಯಾವುದೋ ಆ್ಯಪಿಗೆ ಮನೆಯವರ ದನಿ ಹಾಕುವ ಮೊದಲು ಎರಡು ಸಲ ಯೋಚಿಸಿ. ಆ್ಯಪ್ ಬೇಕೇ ಬೇಕು ಅಂದರೆ ಹಳೆಯ ರೆಕಾರ್ಡಿನ ಗರಗರ ಶಬ್ದ ತೆಗೆಯಲು ಬಳಸಿ. ಮಾತು ಅಜ್ಜನದೇ ಇರಲಿ, ಕೆಮ್ಮು ಸಹಿತ.

ಅಜ್ಜಿ ಎದ್ದು ಹೋದದ್ದರಲ್ಲಿ ಉತ್ತರ ಇದೆ. ಅರವತ್ತು ವರ್ಷ ಜೊತೆಗೆ ಬಾಳಿದವರಿಗೆ ನಕಲಿ ಯಾವುದೆಂದು ತಕ್ಷಣ ಗೊತ್ತಾಗುತ್ತದೆ. ಅವರ ಆರೋಗ್ಯದ ಕಡೆ ಸ್ವಲ್ಪ ಕಣ್ಣಿಡಿ. ಇಳಿವಯಸ್ಸಿನಲ್ಲಿ ಸಂಗಾತಿ ಹೋದ ಮೊದಲ ತಿಂಗಳುಗಳಲ್ಲಿ ಉಳಿದವರ ಆರೋಗ್ಯ ಕುಸಿಯುವ ಅಪಾಯ ಜಾಸ್ತಿ. ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರಾ, ಒಬ್ಬರೇ ಕೂತಾಗಲೂ ಸರಿಯಾಗಿ ಊಟ ಮಾಡುತ್ತಾರಾ ಅಂತ ನೋಡಿ. ‘ಜಗುಲಿಯಲ್ಲಿ ಅವರು ಕೆಮ್ಮಿದ್ದು ಕೇಳಿಸಿತು’ ಅಂತ ಅಜ್ಜಿ ಹೇಳಿದರೆ ಗಾಬರಿಯಾಗಬೇಡಿ, ತಲೆ ಕೆಟ್ಟಿದೆ ಅನ್ನಲೂ ಬೇಡಿ. 1971ರಲ್ಲಿ ಡೆವಿ ರೀಸ್ ಅನ್ನುವ ವೈದ್ಯರು ವೇಲ್ಸ್ ಪ್ರಾಂತ್ಯದಲ್ಲಿ ಸಂಗಾತಿ ಕಳೆದುಕೊಂಡವರನ್ನು ಒಬ್ಬೊಬ್ಬರಾಗಿ ಕೇಳಿದರು. ಹತ್ತಿರಹತ್ತಿರ ಅರ್ಧದಷ್ಟು ಮಂದಿ, ಹೋದವರು ಇದ್ದ ಹಾಗೆ ಅನ್ನಿಸುತ್ತದೆ, ಕೆಲವೊಮ್ಮೆ ಕಾಣಿಸುತ್ತಾರೆ, ಕೇಳಿಸುತ್ತಾರೆ ಎಂದರು. ಹೆಚ್ಚಿನವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಐದು ಹಂತಗಳ ಕಥೆ ಬೇಗ ಮುಗಿಸುತ್ತೇನೆ. 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಸತ್ತವರ ಮನೆಯವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. ಹಂತಗಳು ಸಾಲಾಗಿ ಬರುತ್ತವೆ, ಎಲ್ಲರಿಗೂ ಬರಲೇಬೇಕು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ನಿಮಗೆ ಸಿಟ್ಟು ಬರಲಿಲ್ಲ, ಸರಿ. ಬರಬೇಕು ಅಂತ ಕಾಯಬೇಡಿ. ನನಗೆ ಹೆಚ್ಚು ನಿಜ ಅನ್ನಿಸುವುದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು ಹೇಳಿದ್ದು. ದುಃಖದಲ್ಲಿರುವವರು ಒಂದು ಹೊತ್ತು ದುಃಖದ ಕಡೆ ವಾಲುತ್ತಾರೆ, ಇನ್ನೊಂದು ಹೊತ್ತು ಆಫೀಸು, ಅಡುಗೆ, ಕ್ರಿಕೆಟ್ಟಿನ ಕಡೆ. ಹೀಗೆ ಆಚೆ ಈಚೆ ಹೋಗಿಬರುವುದೇ ಆರೋಗ್ಯ. ಮ್ಯಾಚ್ ನೋಡಿ ಕೂಗಿದ ಸಂಜೆಗೆ ಪ್ರಾಯಶ್ಚಿತ್ತ ಬೇಕಾಗಿಲ್ಲ.

‘ತುಂಬು ಜೀವನ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. 86 ವರ್ಷ ತುಂಬು ಜೀವನವೇ. ಆದರೆ ಅದು ಅಜ್ಜನ ಲೆಕ್ಕ, ನಿಮ್ಮದಲ್ಲ. ನಿಮ್ಮ ಲೆಕ್ಕದಲ್ಲಿ ಹುಟ್ಟಿದಾಗಿನಿಂದ ಇದ್ದವರು ಇಲ್ಲ. ಅಳುವುದಕ್ಕೆ ಸತ್ತವರ ವಯಸ್ಸಿನ ಮಿತಿ ಇಲ್ಲ. ಅತ್ತರೆ ಆತ್ಮಕ್ಕೆ ಶಾಂತಿ ಸಿಗುವುದಿಲ್ಲ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಆತ್ಮದ ವಿಷಯ ನನ್ನ ಕ್ಷೇತ್ರ ಅಲ್ಲ. ಆದರೆ ಸಾಮಾನ್ಯವಾಗಿ ಆ ಮಾತು ಬರುವುದು ಅಳುವವರನ್ನು ನೋಡಲಾರದ ಮಂದಿಯ ಬಾಯಿಂದ. ಇದರ ಎದುರು ತುದಿಯ ಮಾತೂ ಇದೆ, ಗಟ್ಟಿಯಾಗಿ ಅಳದಿದ್ದರೆ ದುಃಖ ಒಳಗೆ ಕೊಳೆತು ರೋಗವಾಗುತ್ತದೆ ಅಂತ. ಅದಕ್ಕೂ ಆಧಾರವಿಲ್ಲ. ಅಳು ಬಂದರೆ ಅಳಿ, ಬರದಿದ್ದರೆ ಸುಮ್ಮನಿರಿ.

ಮರೆತು ಮುಂದೆ ಹೋಗಬೇಕು ಅನ್ನುವ ಸಲಹೆ ಮನೋವಿಜ್ಞಾನದಿಂದಲೇ ಬಂದದ್ದು. 1917ರಲ್ಲಿ ಫ್ರಾಯ್ಡ್ ಬರೆದದ್ದರಿಂದ ಶುರುವಾಗಿ, ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಅಂತ ದಶಕಗಟ್ಟಲೆ ನಂಬಿದ್ದರು. 1996ರ ಹೊತ್ತಿಗೆ ಡೆನಿಸ್ ಕ್ಲಾಸ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಬೇರೆ ಮಾತು ಹೇಳಿದರು. ಸಂಬಂಧ ಕಡಿಯುವುದಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಅದರಲ್ಲಿ ತಪ್ಪೇನಿಲ್ಲ ಅಂತ. ಇದನ್ನು ಓದಿದಾಗ ನನಗೆ ನಗು ಬಂತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ, ಅದರಲ್ಲಿ ಸತ್ತವರಿಗೆ ಇಷ್ಟದ ಬೀಡಿಯನ್ನೂ ಇಡುವ ಮೈಸೂರು ಕಡೆಯ ಮನೆಗಳಿಗೆ, ಕಾರಣರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಎಡೆ ಕೊಡುವ ಕೊಡಗಿನವರಿಗೆ, ನವೆಂಬರ್ 2ರಂದು ಸಮಾಧಿಗೆ ಹೂವು, ಮೇಣದಬತ್ತಿ ಇಡುವ ಕ್ಯಾಥೊಲಿಕ್ ಮನೆಗಳಿಗೆ ಇದು ಹೊಸ ಸುದ್ದಿಯೇ?

ಕರ್ಮಾಂಗದಲ್ಲಿ ಮೂಲೆಯಲ್ಲಿ ನಿಂತದ್ದರ ನೋವಿಗೆ ನಮ್ಮ ಕ್ಷೇತ್ರದಲ್ಲಿ ಹೆಸರಿದೆ. 1989ರಲ್ಲಿ ಕೆನೆತ್ ಡೋಕಾ ಎಂಬ ವಿದ್ವಾಂಸರು ಇದನ್ನು ಹಕ್ಕಿಲ್ಲದ ದುಃಖ ಅನ್ನುವ ಅರ್ಥದಲ್ಲಿ ಕರೆದರು. ದುಃಖ ಇದೆ, ಆದರೆ ಅದಕ್ಕೆ ಸಮಾಜದಲ್ಲಿ ಜಾಗವಿಲ್ಲ. ಆಫೀಸಿನಲ್ಲೂ ಹಾಗೆಯೇ, ಅಜ್ಜ ಹೋದರೆ ಎಷ್ಟು ದಿನ ರಜೆ ಕೊಡುತ್ತಾರೆ ಹೇಳಿ? ನಿಮಗೆ ನಂಬಿಕೆ ಇದ್ದರೆ ಒಂದು ವಿಷಯ ವಿಚಾರಿಸಿ. ಆಶ್ವಯುಜ ಶುದ್ಧ ಪಾಡ್ಯ, ಅಂದರೆ ನವರಾತ್ರಿಯ ಮೊದಲ ದಿನ, ಮಗಳ ಮಗನೇ ತಾಯಿಯ ತಂದೆಗೆ ಮಾಡುವ ಮಾತಾಮಹ ಶ್ರಾದ್ಧ ಅಂತ ಇದೆ. ಯಾರು ಮಾಡಬಹುದು, ಯಾವಾಗಿನಿಂದ ಅನ್ನುವುದು ಮನೆಯಿಂದ ಮನೆಗೆ ಬೇರೆ. ಪುರೋಹಿತರನ್ನು ಕೇಳಿ, ಮಾವಂದಿರ ಕಿವಿಗೂ ಹಾಕಿ. ನಂಬಿಕೆ ಇಲ್ಲದಿದ್ದರೆ, ವರ್ಷದ ತಿಥಿಯ ಸಂಜೆ ಅದೇ ಜಗುಲಿಯಲ್ಲಿ ಒಂದು ತಾಳಮದ್ದಲೆ ಇಡಿಸಿ. ಅದರ ಖರ್ಚು, ಓಡಾಟ ನಿಮ್ಮದಿರಲಿ. ಎರಡರಲ್ಲೂ ಇರುವ ಅಪಾಯ ಒಂದೇ. ‘ಇವನಿಗೇನು ಅಧಿಕಾರ’ ಅನ್ನುವವರು ಹುಟ್ಟಿಕೊಳ್ಳಬಹುದು. ಮೊದಲೇ ಕೇಳಿದರೆ ಆ ಮಾತು ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಅಮ್ಮ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಒಂದು ಸಾಲು.

ಮೊಮ್ಮಕ್ಕಳಿಗೆ ಸಿಗುವ ಅಜ್ಜನೂ ಮಕ್ಕಳಿಗೆ ಸಿಕ್ಕ ಅಪ್ಪನೂ ಎಷ್ಟೋ ಮನೆಗಳಲ್ಲಿ ಒಬ್ಬರಲ್ಲ. ನಿಮಗೆ ಸಿಕ್ಕಿದ್ದು ಐವತ್ತು ದಾಟಿದ, ಸಾಲ ತೀರಿಸಿದ, ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟಕ್ಕೆ ಹೋಗಲು ಸಮಯವಿದ್ದ ಮನುಷ್ಯ. ಅಮ್ಮನಿಗೆ ಸಿಕ್ಕಿದ್ದು ಮೂವತ್ತರ, ಮೈತುಂಬ ಜವಾಬ್ದಾರಿಯ, ಬಹುಶಃ ಮುಂಗೋಪಿಯಾಗಿದ್ದ ಅಪ್ಪ. ಆ ಕಾಲದ ಎಷ್ಟೋ ಹೆಣ್ಣುಮಕ್ಕಳ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು, ಅಣ್ಣ ತಮ್ಮಂದಿರದ್ದು ಮುಂದುವರಿಯಿತು. ಕೆಲವರಿಗೆ ಕೇಳದೆಯೇ ಮದುವೆ ಗೊತ್ತು ಮಾಡಿದರು. ನಿಮ್ಮ ಮನೆಯಲ್ಲಿ ಏನಾಗಿತ್ತೋ ನನಗೆ ಗೊತ್ತಿಲ್ಲ, ಏನೂ ಆಗದೆಯೂ ಇರಬಹುದು. ಅಮ್ಮನಿಗೆ ದುಃಖ ಜಾಸ್ತಿಯಾಗಿಯೇ ಎದ್ದು ಹೋಗುತ್ತಿರಬಹುದು. ಆದರೆ ನನ್ನ ಕೋಣೆಗೆ ಬಂದು ಕೂತ ಹೆಣ್ಣುಮಕ್ಕಳಲ್ಲಿ ಹಲವರು ಹೇಳಿದ್ದು ಇದು: ‘ಎಲ್ಲರೂ ಅಪ್ಪನನ್ನು ದೇವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸತ್ತವರ ಬಗ್ಗೆ ಹಾಗೆ ಹೇಳಬಾರದು ಅಂತ ಸುಮ್ಮನಿದ್ದೇನೆ.’

ನೀವು ಅಜ್ಜನನ್ನು ಹೊಗಳಿದಷ್ಟೂ ಅಮ್ಮನಿಗೆ ತನ್ನ ಮಾತಿಗೆ ಜಾಗವಿಲ್ಲ ಅನ್ನಿಸುತ್ತಿರಬಹುದು. ಹಾಗಾಗಿ ಹೊಗಳಿಕೆ ಸ್ವಲ್ಪ ನಿಲ್ಲಿಸಿ, ಕೇಳಿ. ಎದುರು ಬದುರು ಕೂತು ಅಲ್ಲ. ಕಾರಿನಲ್ಲಿ ಹೋಗುವಾಗ, ಕಾಯಿ ತುರಿಯುವಾಗ, ಕಣ್ಣಿಗೆ ಕಣ್ಣು ಸೇರದ ಹೊತ್ತಿನಲ್ಲಿ. ‘ನೀನು ಚಿಕ್ಕವಳಿದ್ದಾಗ ಅಜ್ಜ ಹೇಗಿದ್ದ?’ ಅಷ್ಟೇ ಸಾಕು. ಉತ್ತರ ಬಂದರೆ ಅಜ್ಜನ ಪರ ವಾದ ಮಾಡಬೇಡಿ. ‘ಆಗಿನ ಕಾಲವೇ ಹಾಗಿತ್ತಲ್ಲಮ್ಮ’ ಅಂತ ಸಮಜಾಯಿಷಿ ಕೊಡಬೇಡಿ. ಆ ಕಾಲ ಹೇಗಿತ್ತು ಅನ್ನುವುದು ಅದರಲ್ಲಿ ಬದುಕಿದ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಉತ್ತರ ಬರದಿದ್ದರೆ ಬಿಡಿ, ಅವರಿಗೆ ಹೇಳದಿರುವ ಹಕ್ಕಿದೆ.

ಇದರ ಅಪಾಯ ನಿಮಗೇ. ಅಜ್ಜನ ಬಗ್ಗೆ ನೀವು ಕೇಳಬಾರದಿತ್ತು ಅನ್ನಿಸುವ ಸಂಗತಿ ಕೇಳಬೇಕಾಗಬಹುದು. ಎಂಟು ತಿಂಗಳಿಗೇ ಅದು ಬೇಡ ಅನ್ನಿಸಿದರೆ ಮುಂದೆ ಹಾಕಿ. ಆದರೆ ನನ್ನ ಅನುಭವದಲ್ಲಿ ಹೀಗೆ ಕೇಳಿದ ಮೇಲೆ ಪ್ರೀತಿ ಸಾಮಾನ್ಯವಾಗಿ ಹೋಗುವುದಿಲ್ಲ. ಬರೀ ಒಳ್ಳೆಯತನದ ಚಿತ್ರ ಬೇಗ ಮಂಕಾಗುತ್ತದೆ, ಅದರಲ್ಲಿ ಹಿಡಿತಕ್ಕೆ ಸಿಗುವ ಅಂಚುಗಳಿಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ಕೂಲಿಯವರ ಮೇಲೆ ರೇಗುತ್ತಿದ್ದ, ಮಗಳಿಗೆ ಅನ್ಯಾಯ ಮಾಡಿದ, ಅದೇ ಮನುಷ್ಯ ನಿಮಗೆ ಜ್ವರ ಬಂದಾಗ ರಾತ್ರಿಯಿಡೀ ಕೂತಿದ್ದ ಅಂದರೆ, ಆ ಮನುಷ್ಯ ನೆನಪಿನಲ್ಲಿ ಉಳಿಯುತ್ತಾನೆ. ಆಸ್ಪತ್ರೆಯ ಒಂದು ಮುಖ ಅವನನ್ನು ಮುಚ್ಚಲಾರದು. ಫೋಟೋಕ್ಕೆ ಹಾರ ಹಾಕಿ ಬರೆಯುವ ನಾಲ್ಕು ಸಾಲಿನ ಶ್ರದ್ಧಾಂಜಲಿಗಳೆಲ್ಲ ಒಂದೇ ಥರ ಇರುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಮಗಳಿಗೆ ಹೇಳಿದ್ದನ್ನು ತಿದ್ದಿ, ಈ ವಾರವೇ. ಸತ್ತವರು ಮರಳಿ ಬರುವುದಿಲ್ಲ ಅನ್ನುವುದು ಮಕ್ಕಳಿಗೆ ಹೆಚ್ಚಾಗಿ ಐದರಿಂದ ಏಳು ವರ್ಷದ ನಡುವೆ ಅರ್ಥವಾಗತೊಡಗುತ್ತದೆ. ನಿಮ್ಮ ಮಗಳು ಆ ಹೊಸ್ತಿಲಲ್ಲಿದ್ದಾಳೆ. ‘ದೂರದ ಊರಿಗೆ ಹೋದ’ ಅಂದರೆ ಅವಳ ಲೆಕ್ಕ ಸರಳ. ಮುತ್ತಜ್ಜ ಹೇಳದೆ ಹೋದ, ಫೋನ್ ಮಾಡುವುದಿಲ್ಲ, ಅಂದರೆ ನನ್ನ ಮೇಲೆ ಸಿಟ್ಟು. ನೀವು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೊರಟಾಗ ಅವಳು ಅತ್ತು ರಂಪ ಮಾಡುತ್ತಿದ್ದರೆ ಕಾರಣ ಇದೇ ಇರಬಹುದು. ಮಲಗಿದ, ನಿದ್ದೆ ಹೋದ ಅನ್ನುವುದೂ ಬೇಡ, ಮಕ್ಕಳು ಮಲಗಲು ಹೆದರುತ್ತಾರೆ. ಹೀಗೆ ಹೇಳಿ: ‘ಮುತ್ತಜ್ಜನಿಗೆ ತುಂಬಾ ವಯಸ್ಸಾಗಿತ್ತು, ತುಂಬಾ ದೊಡ್ಡ ಕಾಯಿಲೆ ಬಂದಿತ್ತು. ಡಾಕ್ಟರು ಪ್ರಯತ್ನ ಮಾಡಿದರು, ಆಗಲಿಲ್ಲ. ಅವರ ದೇಹ ಕೆಲಸ ಮಾಡುವುದು ನಿಂತಿತು. ಸತ್ತುಹೋದರು. ಮತ್ತೆ ಬರುವುದಿಲ್ಲ. ಮೊದಲು ನಾವು ಸರಿಯಾಗಿ ಹೇಳಿರಲಿಲ್ಲ.’ ‘ತುಂಬಾ’ ಅನ್ನುವುದನ್ನು ಬಿಡಬೇಡಿ. ಇಲ್ಲದಿದ್ದರೆ ಮುಂದಿನ ನೆಗಡಿಗೆ ‘ಅಪ್ಪ, ನೀನೂ ಸಾಯ್ತೀಯಾ?’ ಎಂದು ಕೇಳುತ್ತಾಳೆ. ಐದು ನಿಮಿಷ ಅತ್ತು ಆಟಕ್ಕೆ ಓಡಬಹುದು, ನಾಳೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಬಹುದು. ಎರಡೂ ಸಹಜ. ಪ್ರತಿ ಸಲ ಅದೇ ಉತ್ತರ ಕೊಡಿ.

ಕೊನೆಯದಾಗಿ, ‘ನನ್ನಲ್ಲಿ ಏನಾದರೂ ಸರಿ ಇಲ್ಲವೇ’ ಎಂದು ಕೇಳಿದ್ದೀರಿ. ನೀವು ಬರೆದಷ್ಟರಿಂದ ಹಾಗೆ ಕಾಣುವುದಿಲ್ಲ. ಆದರೆ ದೀರ್ಘಕಾಲದ ದುಃಖ ಅನ್ನುವುದು ಈಗ ಗುರುತಿಸಿದ ಒಂದು ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಅದಕ್ಕೆ ಕನಿಷ್ಠ ಆರು ತಿಂಗಳು ಅನ್ನುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ದೊಡ್ಡವರಿಗೆ ಒಂದು ವರ್ಷ ಎಂದಿತು. ತಿಂಗಳ ಲೆಕ್ಕಕ್ಕಿಂತ ಬದುಕು ನಡೆಯುತ್ತಿದೆಯೇ ಅನ್ನುವುದು ಮುಖ್ಯ. ಹೆಚ್ಚುಕಡಿಮೆ ದಿನವೂ, ದಿನದ ಹೆಚ್ಚಿನ ಹೊತ್ತು ಅದೇ ಹಂಬಲ, ಕೆಲಸ ಮಾಡಲಾಗದಿರುವುದು, ಊರಿನ ದಾರಿಯನ್ನೇ ತಪ್ಪಿಸುವುದು, ಬದುಕಿನಲ್ಲಿ ಅರ್ಥವಿಲ್ಲ ಅನ್ನಿಸುವುದು, ಕುಡಿತ ಹೆಚ್ಚುವುದು, ಆಸ್ಪತ್ರೆಯ ಕನಸಿನಿಂದ ಬೆಚ್ಚಿ ಏಳುವುದು ನಿಲ್ಲದಿರುವುದು, ಇವು ಇದ್ದರೆ ಕಾಯಬೇಡಿ. ತಾನೂ ಹೋಗಿಬಿಡಬೇಕು ಅನ್ನುವ ಯೋಚನೆ ಬಂದರೆ ಆ ದಿನವೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರಿನಿಂದ ಇದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್ ಕೂಡ ನಿಮಗೆ ಹತ್ತಿರ. ಮೊದಲ ಭೇಟಿಯಲ್ಲಿ ‘ಅಜ್ಜ ತೀರಿಕೊಂಡರು’ ಅಂತ ಮಾತ್ರ ಹೇಳಿ ನಿಲ್ಲಿಸಬೇಡಿ, ಐಸಿಯು ಚಿತ್ರದ ವಿಷಯವನ್ನೂ ಹೇಳಿ. ಬರೀ ದುಃಖಕ್ಕೆ ಮಾಡುವ ಸಮಾಲೋಚನೆ ಬೇರೆ, ಬೆಚ್ಚಿಬೀಳಿಸುವ ಚಿತ್ರಗಳಿಗೆ ಮಾಡುವ ಚಿಕಿತ್ಸೆ ಬೇರೆ. ನಿಮಗೆ ಯಾವುದು ಬೇಕು ಅಂತ ಅವರಿಗೆ ಗೊತ್ತಾಗುವುದು ಆಗಲೇ.